ಮಣ್ಣನ್ನು ಹಿಡಿದ ನಾರು

ಪೈಠಣಿ ಸೀರೆಯ ನೇಕಾರರ ಊರು ಯೇವಲಾ. ಅಲ್ಲಿಂದ ನೇರ ಪೂರ್ವಕ್ಕೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ, ಎಲ್ಲೋರ. ಅದೇ ಜಿಲ್ಲೆಯ ಈಶಾನ್ಯಕ್ಕೆ ಅಜಂತಾ. ಎಲ್ಲೋರ ಎಂದರೆ ಕನ್ನಡಿಗರಿಗೆ ನೆನಪಾಗುವುದು ರಾಷ್ಟ್ರಕೂಟರ ಒಂದನೇ ಕೃಷ್ಣನ ಕೈಲಾಸನಾಥ, ಅಂದರೆ ಕಲ್ಲು. ಆದರೆ ಈ ಗುಹೆಗಳ ಚಿತ್ರಗಳನ್ನು ಹೊತ್ತಿರುವುದು ಕಲ್ಲಿಗೆ ಬಳಿದ ಗಿಲಾವು.

ಮಣ್ಣು ಭಾರ ಹೊರುತ್ತದೆ, ಎಳೆತ ತಾಳುವುದಿಲ್ಲ. ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಗೋಡೆಯ ಕೆಸರು ತುಳಿಯುವಾಗ ಹುಲ್ಲು ಸೇರಿಸುತ್ತಿದ್ದುದು ಅದಕ್ಕೇ. ಬಿರುಕಿನ ಎರಡು ಅಂಚುಗಳನ್ನು ನಾರು ಸೇತುವೆಯಂತೆ ಹಿಡಿಯುತ್ತದೆ. ಬಿರುಕು ಅಗಲವಾಗಬೇಕಾದರೆ ನಾರು ಮಣ್ಣಿನಿಂದ ಜಾರಿ ಬರಬೇಕು. ಆ ಉಜ್ಜಾಟದಲ್ಲಿ ಬಿರುಕಿನ ಬಲ ಕರಗುತ್ತದೆ. ಹಿಡಿತ ಸಡಿಲವಾದರೆ ಪ್ರಯೋಜನವಿಲ್ಲ. ತೀರ ಬಿಗಿಯಾದರೆ ಬಿರುಕು ನಾರನ್ನೂ ಕತ್ತರಿಸಿಕೊಂಡು ಮುಂದೆ ಹೋಗುತ್ತದೆ.

ಅಜಂತಾದ ಗಿಲಾವಿನಲ್ಲಿ ಹುಲ್ಲು, ಭತ್ತದ ಹೊಟ್ಟು ಇವೆ. ಕೀಟಗಳಿಗೆ ಅದೇ ಆಹಾರ. ಒಳಗಿನ ನಾರು ಹೋದ ಮೇಲೆ ಗಿಲಾವು ಚಿತ್ರದ ಸಮೇತ ಕಳಚುತ್ತದೆ. 1920ರಲ್ಲಿ ಹೈದರಾಬಾದ್ ನಿಜಾಮರ ಸರ್ಕಾರ ಇಟಲಿಯಿಂದ ಲೊರೆಂಜೊ ಚೆಕ್ಕೋನಿಯವರನ್ನು ಕರೆಸಿತು. ಆಗ ಚಿತ್ರಗಳಿಗೆ ಬಳಿದ ಅರಗಿನ ಲೇಪ ಕಾಲಕ್ರಮೇಣ ಹಳದಿಗಟ್ಟಿತು. ಮೇಲಿನ ಲೇಪದಿಂದ ಒಳಗಿನ ನಾರು ಮರಳಿ ಬರುವಂತಿರಲಿಲ್ಲ.

2016ರಲ್ಲಿ ಪುರಾತತ್ವ ರಸಾಯನಶಾಸ್ತ್ರಜ್ಞ ರಾಜ್‌ದೇವ್ ಸಿಂಗ್ ಮತ್ತು ಸಸ್ಯಶಾಸ್ತ್ರಜ್ಞ ಎಂ. ಎಂ. ಸರದೇಸಾಯಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಎಲ್ಲೋರದ ಗಿಲಾವಿನ ವಿಶ್ಲೇಷಣೆ ಪ್ರಕಟಿಸಿದರು. ಅದರಲ್ಲಿ ಸಿಕ್ಕಿದ್ದು ಭಂಗಿ ಗಿಡದ, ಅಂದರೆ ಗಾಂಜಾ ಗಿಡದ ನಾರು. ಅದು ಗಟ್ಟಿ, ಕೀಟಗಳಿಗೆ ಒಗ್ಗದು. ಎಲ್ಲೋರದಲ್ಲಿ ಕೀಟಬಾಧೆ ಕಾಣದಿರಲು ಇದೇ ಕಾರಣವೆಂದು ಅವರ ತೀರ್ಮಾನ. ಅಜಂತಾದಲ್ಲಿ ಕಾಲುಭಾಗದಷ್ಟು ಚಿತ್ರಗಳು ಕೀಟಗಳಿಂದ ಹಾಳಾಗಿವೆ ಎಂದು ಸಿಂಗ್ ಅಂದಾಜಿಸಿದ್ದರು.

ಅದೇ 2016ರಲ್ಲಿ ಲೀಪ್ ಎಂಬ ವಿಮಾನ ಎಂಜಿನ್ ಪ್ರಯಾಣಿಕರ ಸೇವೆಗೆ ಬಂತು. ಅದರ ಟರ್ಬೈನಿನ ಸುತ್ತಲ ಕವಚದ ತುಂಡುಗಳು ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್‌ನವು. ಒಳಗಿನ ಎಳೆಗಳೂ ಅದರವೇ. ಎಳೆ ತೀರ ಬಿಗಿಯಾಗಿ ಅಂಟದಿರಲೆಂದು ಅದಕ್ಕೆ ಬೋರಾನ್ ನೈಟ್ರೈಡಿನ ತೆಳು ಲೇಪ. ಇಲ್ಲಿ ಕೀಟದ ಕೆಲಸ ಮಾಡುವುದು ಬಿಸಿ ಗಾಳಿ. ಬಿರುಕಿನಲ್ಲಿ ನುಸುಳಿದ ಆಮ್ಲಜನಕ ಮತ್ತು ನೀರಾವಿ ಆ ಲೇಪವನ್ನು ತಿಂದು, ಅಲ್ಲಿ ಗಾಜು ಕಟ್ಟಿ, ಎಳೆಯನ್ನು ಅಂಟಿಸಿಬಿಡುತ್ತವೆ. ಆಮೇಲೆ ಆ ತುಂಡು ಪಿಂಗಾಣಿ ತಟ್ಟೆಯಂತೆ ಫಟ್ಟನೆ ಒಡೆಯಬಲ್ಲದು.

ಅಜಂತಾದ ಗೋಡೆಯಲ್ಲೂ ಮಣ್ಣು ಮೊದಲು ಸೋಲಲಿಲ್ಲ. ಸೋತದ್ದು ಅದನ್ನು ಹಿಡಿದಿದ್ದ ನಾರು.