ಗಣಿತದ ಕಂಠಾಭರಣ

ಹನ್ನೊಂದು ಅಂಕಿಗಳ ಸಂಖ್ಯೆಯೊಂದನ್ನು ಯಾರಾದರೂ ಒಮ್ಮೆ ಓದಿ ಹೇಳಿದರೆ ತಾವು ತಪ್ಪಿಲ್ಲದೆ ಬರೆದುಕೊಳ್ಳಬಲ್ಲಿರಾ? ಕಷ್ಟವೇ ಸರಿ. ಆದರೆ ‘ಒಂದರಿಂದ ಆರರವರೆಗೆ ಏರಿ, ಹಾಗೆಯೇ ಕ್ರಮವಾಗಿ ಇಳಿಯುವುದು’ ಎಂದರೆ ಮನೆಯ ಮಗುವೂ ಬರೆದೀತು: ೧೨೩೪೫೬೫೪೩೨೧. ರೇಡಿಯೋ ಕೇಳುವವರಿಗೆ ಇಂಥ ಸಂಖ್ಯೆ ಬಲು ಅನುಕೂಲ. ಇದನ್ನು ಹೀಗೆ ಕಿವಿಗೆ ಹೊಂದುವಂತೆ ಹೇಳಿದವನು, ಕ್ರಿ. ಶ. ೮೫೦ರ ಸುಮಾರಿನಲ್ಲಿದ್ದ ಮಹಾವೀರಾಚಾರ್ಯ.

ಈತ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವನು. ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ‘ಕವಿರಾಜಮಾರ್ಗ’ ಹುಟ್ಟಿದ್ದೂ ಆ ದೊರೆಯ ಆಶ್ರಯದಲ್ಲಿಯೇ. ಕನ್ನಡ ಪಂಡಿತರಾದ ನಾವು ಅದನ್ನು ಕೊಂಡಾಡುತ್ತೇವೆ. ಅದರ ಒಡಹುಟ್ಟಿನಂತಿರುವ ‘ಗಣಿತಸಾರಸಂಗ್ರಹ’ವನ್ನು ಮಾತ್ರ ಮರೆತಿದ್ದೇವೆ. ಸಂಸ್ಕೃತದ ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.

ಗುಣಾಕಾರದ ಭಾಗದಲ್ಲಿ ಆಚಾರ್ಯನದೊಂದು ಲೆಕ್ಕವಿದೆ. ಆರು ಮೂರುಗಳು, ಐದು ಆರುಗಳು, ಬಿಡಿಸ್ಥಾನದಲ್ಲಿ ಒಂದು ಏಳು. ಇದನ್ನು ೩೩ರಿಂದ ಗುಣಿಸಿದರೆ ಕಂಠಾಭರಣವಾಗುವುದಂತೆ! ಗುಣಿಸಿ ನೋಡೋಣ:

೩೩೩೩೩೩೬೬೬೬೬೭ × ೩೩ = ೧೧೦೦೦೦೧೧೦೦೦೦೧೧

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಲಂಕಾರಶಾಸ್ತ್ರದಲ್ಲಿ ಇಂಥದಕ್ಕೆ ಗತಪ್ರತ್ಯಾಗತವೆಂದು ಹೆಸರು. ‘ವಿಕಟಕವಿ’ ಎಂಬ ಮಾತನ್ನು ತಾವು ಬಲ್ಲಿರಷ್ಟೆ.

ಇದು ಬರಿಯ ಚಮತ್ಕಾರವೆಂದೇ ನಾನೂ ಬಹುಕಾಲ ಎಣಿಸಿದ್ದೆ. ಒಮ್ಮೆ ಗಣಿತದ ಉಪಾಧ್ಯಾಯರು ರಜೆಯಲ್ಲಿದ್ದಾಗ, ಅವರ ತರಗತಿಯಲ್ಲಿ ಈ ಲೆಕ್ಕವನ್ನೇ ಕೊಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಸ್ಲೇಟನ್ನು ದಿಟ್ಟಿಸಿ, “ಸಾರ್, ನನ್ನ ಸರದಲ್ಲಿ ಒಂದು ಮಣಿ ಬೇರೆಯಾಗಿದೆ” ಎಂದ. ದಶಕ ಕೂಡುವುದನ್ನು ಮರೆತಿದ್ದ. ತಪ್ಪನ್ನು ನಾನು ತೋರಿಸಬೇಕಾಗಲಿಲ್ಲ, ಉತ್ತರವೇ ತೋರಿಸಿತು. ಆಚಾರ್ಯನು ಇದನ್ನು ಉದ್ದೇಶಿಸಿಯೇ ಇಂಥ ಸಂಖ್ಯೆಗಳನ್ನು ಆರಿಸಿದನೆಂದು ನನ್ನ ಊಹೆ. ಶಿಷ್ಯನ ತಪ್ಪನ್ನು ಶಿಷ್ಯನೇ ಕಂಡುಕೊಳ್ಳುವಂತೆ ಲೆಕ್ಕ ಹೆಣೆಯುವವನು ಒಳ್ಳೆಯ ಮೇಷ್ಟ್ರಲ್ಲದೆ ಮತ್ತೇನು?

ಇನ್ನು ಮೊದಲಿನ ಏರಿಳಿತದ ಸಂಖ್ಯೆಗೆ ಬರೋಣ. ಅದು ೧೧೧೧೧೧ರ ವರ್ಗ. ಆರು ಒಂದುಗಳ ಆ ಸಾಲು ೩, ೭, ೧೧, ೧೩, ೩೭ ಇವುಗಳ ಗುಣಲಬ್ಧ. ಆದುದರಿಂದ ೩ನ್ನೂ ೭ನ್ನೂ ಒಂದು ಕಡೆಗೆ, ಉಳಿದವನ್ನು ಇನ್ನೊಂದು ಕಡೆಗೆ ಕೂಡಿಸಿಕೊಂಡರೆ, ೨೧ರ ವರ್ಗವಾದ ೪೪೧ನ್ನು ೫೨೯೧ರ ವರ್ಗವಾದ ೨೭೯೯೪೬೮೧ರಿಂದ ಗುಣಿಸಿದರೂ ಅದೇ ಸಂಖ್ಯೆ ಬರಬೇಕು, ಬರುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ ೩೬, ಆರರ ವರ್ಗ!

ಒಂದುಗಳನ್ನು ಹೆಚ್ಚಿಸುತ್ತ ಹೋಗಿ ವರ್ಗ ಮಾಡಿದರೆ ಒಂಬತ್ತರವರೆಗೆ ಸರ ಹೀಗೆಯೇ ಬೆಳೆಯುತ್ತದೆ. ಹತ್ತನೆಯದಕ್ಕೆ ದಶಕ ಉಕ್ಕಿ ಹರಿದುಹೋಗುತ್ತದೆ: ೧೨೩೪೫೬೭೯೦೦೯೮೭೬೫೪೩೨೧. ಏರುವಾಗ ಎಂಟು ಕಾಣೆಯಾದುದನ್ನು ಗಮನಿಸಿದಿರಾ? ಎಂಟಿಲ್ಲದ ಆ ೧೨೩೪೫೬೭೯ ಕೂಡ ಆಚಾರ್ಯನ ಪೆಟ್ಟಿಗೆಯಲ್ಲಿದೆ. ಈ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಅದನ್ನು ೯ರಿಂದ ಗುಣಿಸಿಸಿ ನೋಡಿರಿ.