ಔಷಧಿ ದನಕ್ಕೆ, ಉಣ್ಣೆ ಗೋಡೆಯಲ್ಲಿ

ಚನ್ನಗಿರಿ ತಾಲ್ಲೂಕಿನ ನಲ್ಲೂರು ಎರಡು ಸೀಮೆಗಳ ನಡುವಿನ ಊರು. ಹೊನ್ನಾಳಿ, ನ್ಯಾಮತಿ ದಾಟಿದರೆ ಮಲೆನಾಡಿನ ಸೆರಗು. ಇನ್ನೊಂದು ದಿಕ್ಕಿಗೆ ಜಗಳೂರಿನ ಕುರಿಗಾರರ ಬಯಲು. ಎಲ್ಲಿ ಹೋದರೂ ಜಾನುವಾರಿನ ಮೈಮೇಲೆ ಬಾಡಿಗೆಯಿಲ್ಲದೆ ಬದುಕುವವು ಇದ್ದೇ ಇವೆ: ಎಮ್ಮೆಗೆ ಹೇನು, ಹಸುವಿಗೆ ಉಣ್ಣೆ ಮತ್ತು ಕಚ್ಚುವ ನೊಣ, ನಾಯಿಗೆ ಚಿಗಟ, ಗಾಯವಾದ ಯಾವ ಪ್ರಾಣಿಗಾದರೂ ಹುಳ. ಎಂಟು ಕಾಲಿನ ಉಣ್ಣೆ ಜೇಡದ ಬಳಗದ್ದು, ಕೀಟವಲ್ಲ. ಆದರೂ ಕೊಟ್ಟಿಗೆಯ ಲೆಕ್ಕದಲ್ಲಿ ಅದನ್ನು ಬಿಡುವಂತಿಲ್ಲ.

ಹಿಂದೆ ಇವೆಲ್ಲ ಬರೀ ಮೈಯ ಕಾಟ. ಬೇವಿನೆಣ್ಣೆ, ಹೊಂಗೆ ಎಣ್ಣೆ, ಬಜೆ, ಸೀತಾಫಲದ ಬೀಜದ ಪುಡಿ ಹಚ್ಚಿದರೆ ಮುಗಿಯಿತು. 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್, ದನಗಳ ಟೆಕ್ಸಾಸ್ ಜ್ವರವನ್ನು ಹೊತ್ತು ತರುವುದು ಉಣ್ಣೆಯೇ ಎಂದು ತೋರಿಸಿದ ಮೇಲೆ ನೋಟ ಬದಲಾಯಿತು. ನಮ್ಮಲ್ಲಿ ಪ್ಯಾಟನ್ ಮತ್ತು ಕ್ರ್ಯಾಗ್ ಅವರ ವೈದ್ಯಕೀಯ ಕೀಟಶಾಸ್ತ್ರದ ಪಠ್ಯ 1913ರಲ್ಲಿ ಬಂತು. ಭಾರತದ ಉಣ್ಣೆಗಳನ್ನು ವಿಂಗಡಿಸಿದ ಷರೀಫ್ ಅವರ ಅಧ್ಯಯನ 1928ರಲ್ಲಿ.

ಪ್ಯಾಟನ್ ಬೆನ್ನುಹತ್ತಿದ ನೊಣಗಳಲ್ಲಿ ಒಂದು ಕ್ರೈಸೊಮಿಯ ಬೆಜ್ಜಿಯಾನ. ಹೊಳೆವ ನೀಲಿ-ಹಸಿರು ಮೈಯ ಇದು ಕೊಳೆತ ಮಾಂಸಕ್ಕೆ ಹೋಗುವುದಿಲ್ಲ, ಜೀವಂತ ಪ್ರಾಣಿಯ ಗಾಯವೇ ಬೇಕು. ಕೊಂಬು ಮುರಿದ ಜಾಗ, ನೊಗ ಉಜ್ಜಿದ ಹೆಗಲು, ಕರುವಿನ ಹೊಕ್ಕುಳು, ಎಲ್ಲಿ ಹಸಿ ಗಾಯವೋ ಅದರ ಅಂಚಿಗೆ ಮೊಟ್ಟೆ ಅಂಟಿಸುತ್ತದೆ. ಒಂದೇ ದಿನದಲ್ಲಿ ಮರಿ ಹೊರಟು ತಲೆ ಒಳಗೆ, ಬಾಲ ಮೇಲೆ ಮಾಡಿ ಮಾಂಸ ಕೊರೆಯುತ್ತವೆ. ಉಸಿರಾಟಕ್ಕೆ ಬಾಲದ ತುದಿ ಗಾಯದ ಮೇಲ್ಮೈಗೆ ತಾಕಿರುತ್ತದೆ. ಟರ್ಪೆಂಟೈನ್ ಹತ್ತಿ ತುರುಕಿದಾಗ ಹುಳ ಮೇಲೇಳುವುದು ಉಸಿರು ಕಟ್ಟಿಯೇ. ಒಂದು ವಾರದೊಳಗೆ ಹೊಟ್ಟೆ ತುಂಬಿದ ಹುಳಗಳು ಉದುರಿ ಮಣ್ಣು ಸೇರುತ್ತವೆ, ಅಲ್ಲೇ ಕೋಶ ಕಟ್ಟಿ ನೊಣವಾಗುತ್ತವೆ.

ನಾಡಿನ ಕಣ್ಣು ತೆರೆಸಿದ್ದು 1957. ಆಗ ಚನ್ನಗಿರಿಯೂ ಸೇರಿದ್ದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗ ಸತ್ತವು, ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೆಮಾಫೈಸಾಲಿಸ್ ಸ್ಪಿನಿಜೆರ ಎಂಬ ಉಣ್ಣೆಯಲ್ಲಿ ಈ ಜ್ವರದ ವೈರಸ್ಸನ್ನು ಹಿಡಿದರು. ಕಾಡಿಗೆ ಮೇಯಲು ಹೋದ ದನಗಳ ರಕ್ತವೇ ಬಲಿತ ಉಣ್ಣೆಗೆ ಊಟವಾಗಿ, ಅದರ ಸಂತಾನ ಹೆಚ್ಚುತ್ತದೆ ಎಂಬುದೂ ತಿಳಿಯಿತು.

ಆಮೇಲಿನದು ರಾಸಾಯನಿಕಗಳ ಕಾಲ. ಡಿಡಿಟಿ, ಬಿಎಚ್‌ಸಿ ಹೋಗಿ ಅಮಿಟ್ರಾಜ್, ಡೆಲ್ಟಾಮೆಥ್ರಿನ್ ಬಂದವು; 1981ರಿಂದ ಐವರ್ಮೆಕ್ಟಿನ್. ಇದನ್ನು ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ ಒಮುರಾ ಮತ್ತು ಕ್ಯಾಂಪ್‌ಬೆಲ್‌ಗೆ 2015ರಲ್ಲಿ ನೊಬೆಲ್ ದೊರಕಿತು. ಇದೇ ಅವಧಿಯಲ್ಲಿ ಹೆಚ್ಚು ಹಾಲಿನ ಆಸೆಗೆ ಎಚ್‌ಎಫ್, ಜೆರ್ಸಿ ತಳಿ ಕೊಟ್ಟಿಗೆಗೆ ಬಂತು. ಅಮೃತಮಹಲ್, ಮಲೆನಾಡು ಗಿಡ್ಡದಂಥ ನಮ್ಮ ದನಗಳಿಗೆ ಉಣ್ಣೆ ಅಂಟುವುದು ಕಡಿಮೆ, ಮಿಶ್ರತಳಿಗೆ ಹೆಚ್ಚು. ಔಷಧಿ ಹೆಚ್ಚಿದಂತೆ ಉಣ್ಣೆ ಅದಕ್ಕೆ ಒಗ್ಗಿಕೊಂಡಿತು. ಆಸ್ಟ್ರೇಲಿಯಾ, ಕ್ಯೂಬಾಗಳು 1990ರ ದಶಕದಲ್ಲಿ ಉಣ್ಣೆಗೆ ಲಸಿಕೆಯನ್ನೇ ಮಾರುಕಟ್ಟೆಗೆ ತಂದವು.

ಹೊಸ ಅಧ್ಯಾಯ ಚರ್ಮಗಂಟು ರೋಗ. 1929ರಲ್ಲಿ ಈಗಿನ ಜಾಂಬಿಯಾದಲ್ಲಿ ಕಂಡ ಈ ವೈರಸ್ ಭಾರತಕ್ಕೆ 2019ರಲ್ಲಿ, ಕರ್ನಾಟಕಕ್ಕೆ 2020ರಲ್ಲಿ ಬಂತು. 2022ರಲ್ಲಿ ದೇಶದಲ್ಲೆಲ್ಲ ದನಗಳನ್ನು ಮಲಗಿಸಿತು. ಒಂದು ಹಸುವಿನಿಂದ ಮತ್ತೊಂದಕ್ಕೆ ಹಾರಿ ರಕ್ತ ಹೀರುವ ಕೊಟ್ಟಿಗೆ ನೊಣ, ಸೊಳ್ಳೆ, ಉಣ್ಣೆಗಳೇ ಇದರ ವಾಹನ. ಲಸಿಕೆ ಹಾಕಿದಷ್ಟೇ ನೊಣ ನಿಯಂತ್ರಣಕ್ಕೂ ಅಧಿಕಾರಿಗಳು ಆಗ ಒತ್ತು ಕೊಟ್ಟರು.

ನೂರಿಪ್ಪತ್ತೈದು ವರ್ಷಕ್ಕೂ ಮಿಕ್ಕಿದ ಈ ಓದು ಹೇಳುವುದಿಷ್ಟು: ಯಾವ ಹುಳ ಯಾವ ಕಾಲ ಎಲ್ಲಿರುತ್ತದೆ ಎಂಬುದರ ಮೇಲೆ ಮದ್ದು ನಿಂತಿದೆ. ಎಮ್ಮೆ ಹೇನು ಹುಟ್ಟಿ ಸಾಯುವುದು ಎಮ್ಮೆಯ ಮೇಲೆಯೇ. ಅದಕ್ಕೆ ಎರಡು ವಾರ ಬಿಟ್ಟು ಮತ್ತೊಮ್ಮೆ ಔಷಧಿ ಹಾಕಿದರೆ, ಮೊದಲ ಸಲ ತಪ್ಪಿಸಿಕೊಂಡ ಮೊಟ್ಟೆಯ ಮರಿಗಳೂ ಸಾಯುತ್ತವೆ. ದನದ ಉಣ್ಣೆಗೆ ಮೈಮೇಲಿನ ಬಾಳು ಮೂರು ವಾರ ಮಾತ್ರ. ನೆಲಕ್ಕೆ ಬಿದ್ದ ಹೆಣ್ಣು ಗೋಡೆಯ ಬಿರುಕಿನಲ್ಲಿ ಎರಡು–ಮೂರು ಸಾವಿರ ಮೊಟ್ಟೆ ಇಡುತ್ತದೆ. ಕೊಟ್ಟಿಗೆ ನೊಣ ಹುಟ್ಟುವುದು ಸಗಣಿ ಬೆರೆತ ಕೊಳೆ ಹುಲ್ಲಿನಲ್ಲಿ. ಹೀಗಿರುವಾಗ ಒಬ್ಬ ರೈತ ತನ್ನ ಹಸುವಿಗಷ್ಟೇ ಔಷಧಿ ಸುರಿದರೆ, ಪಕ್ಕದ ತಿಪ್ಪೆಯಿಂದಲೋ ತನ್ನದೇ ಗೋಡೆಯಿಂದಲೋ ಕಾಟ ಮರಳಿ ಬರುತ್ತದೆ. ಬಿರುಕು ಮುಚ್ಚಿ, ತಿಪ್ಪೆ ದೂರ ಮಾಡಿ, ಕೇರಿಯವರೆಲ್ಲ ಒಂದೇ ವಾರದಲ್ಲಿ ಔಷಧಿ ಹಾಕುವುದೇ ಅಗ್ಗದ ದಾರಿ.