ವೇದಾವತಿ: ಗಡಿ ದಾಟಿ ಮತ್ತೆ ಮನೆಗೆ ಬರುವ ಹೊಳೆ

ಕಡೂರು ಕಡೆಯವರನ್ನು "ನಿಮ್ಮೂರ ನದಿ ಯಾವುದು?" ಅಂತ ಕೇಳಿ ನೋಡಿ, ಸ್ವಲ್ಪ ತಡವರಿಸ್ತಾರೆ. ತುಂಗೆ, ಭದ್ರೆ ಪಕ್ಕದ ಊರಿನವರ ಆಸ್ತಿ. ನಮ್ಮದು ವೇದಾವತಿ. ವರ್ಷದ ಬಹುಪಾಲು ಬರೀ ಮರಳು! ಆದರೆ ಈ ಬಡ ಹೊಳೆಗಾಗಿ ನಡೆದಿರುವ ಲೆಕ್ಕಾಚಾರ ಸಣ್ಣದಲ್ಲ.

ಮೊದಲು ಭೂಗೋಳ. ಬಾಬಾಬುಡನ್‌ಗಿರಿ ಸಾಲಿನ ಪೂರ್ವದ ಮಗ್ಗುಲಲ್ಲಿ ಎರಡು ಹಳ್ಳ ಹುಟ್ಟುತ್ತವೆ. ವೇದಾ ಹಳ್ಳ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಯನ್ನು ತುಂಬಿಸುತ್ತದೆ, ಅವತಿ ಹಳ್ಳ ಮದಗದ ಕೆರೆಯನ್ನು. (ಜನಪದ ಹಾಡಿನ ಮದಗದ ಕೆರೆ ಇದೇ ಅಂತ ನಾವು, ಅಲ್ಲ ಮಾಸೂರಿನದು ಅಂತ ಹಾವೇರಿಯವರು... ಈ ಜಗಳ ಮುಗಿಯೋದಲ್ಲ ಬಿಡಿ :) ) ಕಡೂರಿನ ಬಳಿ ಇವೆರಡೂ ಸೇರಿ ವೇದಾವತಿ ಆಗುತ್ತದೆ. ಅಂದರೆ ನದಿ ಅನ್ನೋ ಹೆಸರು ಬರುವ ಮೊದಲೇ ಎರಡು ದೊಡ್ಡ ಕೆರೆಗಳು ತಮ್ಮ ಪಾಲು ಹಿಡಿದುಕೊಂಡಿರುತ್ತವೆ.

ತರೀಕೆರೆ ಕಡೆಗೆ ಇಳಿದ ಮಳೆ ಮಾತ್ರ ಭದ್ರೆಗೆ ಹೋಗುತ್ತದೆ. ತರೀಕೆರೆಗೂ ಅಜ್ಜಂಪುರಕ್ಕೂ ನಡುವಿನ ಏರುನೆಲವೇ ಜಲವಿಭಾಜಕ. ಆ ಕಡೆ ಅಡಿಕೆ ತೋಟ, ಈ ಕಡೆ ಬಯಲು, ಅಮೃತ್ ಮಹಲ್ ದನಗಳ ಹುಲ್ಲುಗಾವಲು. ಕಡೂರು ತಾಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗ, ತೋಳಗಳಿವೆ. 2011ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು.

ಮುಂದೆ ಹೊಸದುರ್ಗ, ಮಾರಿಕಣಿವೆ, ಹಿರಿಯೂರು, ಚಳ್ಳಕೆರೆ. ಆಮೇಲೆ ಆಂಧ್ರದ ಅನಂತಪುರ ಜಿಲ್ಲೆ. ಅಲ್ಲಿ ಭೈರವಾನಿತಿಪ್ಪ ಅಣೆಕಟ್ಟು ದಾಟಿ ಮತ್ತೆ ಕರ್ನಾಟಕಕ್ಕೆ ಬಂದು, ಬಳ್ಳಾರಿ ಸೀಮೆಯಲ್ಲಿ ಹಗರಿ ಅನ್ನಿಸಿಕೊಂಡು, ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆ ಸೇರುತ್ತದೆ.

ಹೀಗೆ ಎರಡು ಸಲ ಗಡಿ ದಾಟುವುದು ನದಿಯ ಹುಟ್ಟುಗುಣವಲ್ಲ, ನಾವು ಎಳೆದ ಗೆರೆ. 1953ರ ಅಕ್ಟೋಬರ್ 1ಕ್ಕೆ ಮೊದಲು ಅನಂತಪುರ, ಬಳ್ಳಾರಿ ಎರಡೂ ಮದ್ರಾಸಿನಲ್ಲಿದ್ದವು. ವೇದಾವತಿ ಮೈಸೂರಿನಿಂದ ಮದ್ರಾಸಿಗೆ ಒಂದೇ ಸಲ ದಾಟುತ್ತಿತ್ತು. ಆ ದಿನ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಹೊಳೆ ಇದ್ದಲ್ಲೇ ಇತ್ತು, ಗಡಿ ಎರಡಾಯಿತು!

ಜಗಳ ಅದಕ್ಕಿಂತ ಹಳೆಯದು. 1892ರ ಮೈಸೂರು-ಮದ್ರಾಸು ಒಪ್ಪಂದದ ಪ್ರಕಾರ, ಪಟ್ಟಿಯಲ್ಲಿದ್ದ ನದಿಗಳಿಗೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಆ ಪಟ್ಟಿಯಲ್ಲಿ ವೇದಾವತಿಯೂ ಇತ್ತು. 1898ರಲ್ಲಿ ಮಾರಿಕಣಿವೆಯಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಅದೇ ಸುಮಾರು 30 ಟಿಎಂಸಿಯ ವಾಣಿವಿಲಾಸ ಸಾಗರ. 1976ರಲ್ಲಿ ಕೃಷ್ಣಾ ನ್ಯಾಯಮಂಡಳಿ ವೇದಾವತಿ ಕಣಿವೆಯಲ್ಲಿ ಕರ್ನಾಟಕಕ್ಕೆ 42, ಆಂಧ್ರಕ್ಕೆ 12.5 ಟಿಎಂಸಿ ಮಿತಿ ಹಾಕಿತು.

ಕಾಗದದ ಲೆಕ್ಕವೇನೋ ಸರಿ, ನೀರೆಲ್ಲಿ? 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಮೇಲಿನ ಅಣೆಕಟ್ಟಿನ ಗತಿಯೇ ಹೀಗಿದ್ದರೆ ಕೆಳಗಿನ ಭೈರವಾನಿತಿಪ್ಪದ ರೈತರ ಪಾಡು ನೀವೇ ಊಹಿಸಿ.

ಈಗಿನ ಪರಿಹಾರ ಭದ್ರಾ ಮೇಲ್ದಂಡೆ. ಭದ್ರೆಯ ನೀರನ್ನು ತರೀಕೆರೆ ಕಡೆ ಎರಡು ಹಂತದಲ್ಲಿ ಎತ್ತಿ, ಅಜ್ಜಂಪುರದ ಹತ್ತಿರ ಸುಮಾರು 7 ಕಿ.ಮೀ. ಸುರಂಗದಲ್ಲಿ ಜಲವಿಭಾಜಕ ದಾಟಿಸುತ್ತಾರೆ. 2019ರಲ್ಲಿ ಆ ನೀರು ಮೊದಲ ಸಲ ವಾಣಿವಿಲಾಸ ಮುಟ್ಟಿತು. 2022ರಲ್ಲಿ ಮಳೆಯೂ ಜೋರಿತ್ತು, ಪೂರ್ತಿ ಶ್ರೇಯಸ್ಸು ಭದ್ರೆಗೆ ಕೊಡಲಾಗದು. ಆದರೆ 2025ರ ಜನವರಿಯಲ್ಲಿ, ಮಳೆಗಾಲ ಕಳೆದ ಮೇಲೆ, ಮತ್ತೆ ಕೋಡಿ ಬಿತ್ತು. ಬಯಲುಸೀಮೆಯಲ್ಲಿ ಜನವರಿಯ ಕೋಡಿ!

ಹಾಗಂತ ಹೊಸ ನೀರೇನೂ ಹುಟ್ಟಿಲ್ಲ. ಭದ್ರೆಯ ನೀರೂ ಕೊನೆಗೆ ತುಂಗಭದ್ರೆಗೇ ಹೋಗುವಂಥದ್ದು. ಒಂದು ಕಣಿವೆಯಿಂದ ಎತ್ತಿ ಇನ್ನೊಂದಕ್ಕೆ ಹಾಕಿದ್ದೇವೆ, ಅಷ್ಟೆ. ಕಡೂರಿನ ಕೆರೆಗಳು ಹಿಡಿದಷ್ಟೂ ಹಿರಿಯೂರಿಗೆ ಕಡಿಮೆ, ಹಿರಿಯೂರು ಹಿಡಿದಷ್ಟೂ ರಾಯದುರ್ಗಕ್ಕೆ ಕಡಿಮೆ. ಗಡಿಯಾಚೆಯವರು ನೀರು ಕೇಳಿದಾಗ ನಮಗೆ ಸಿಟ್ಟು ಬರುತ್ತದಲ್ಲ, ಆಗ ಇದೊಂದು ನೆನಪಿರಲಿ: ಹಗರಿಯ ಕೊನೆಯಲ್ಲಿ ಕಾಯುತ್ತಾ ಕೂತಿರುವ ಬಳ್ಳಾರಿಯವರೂ ನಮ್ಮವರೇ.